ಶಾರೀರಜ್ಞಾನವೂ ಅಂತರ್ದರ್ಶಕ ಶಸ್ತ್ರಚಿಕಿತ್ಸೆಯೂ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯನ್ನು ಕುರಿತ ಅಧ್ಯಾಯವೊಂದು ಇದೆಯಷ್ಟೆ. ಉಪಾಧ್ಯಾಯ ವೃತ್ತಿಗೆ ಸೇರಿದ ಮೊದಲ ಕೆಲವು ವರ್ಷಗಳಲ್ಲಿ ಆ ಅಧ್ಯಾಯವು ಬಂದಾಗಲೆಲ್ಲ ನಾನು ಹೂವಿನ ಭಾಗಗಳನ್ನು ವಿವರವಾಗಿ ಬೋಧಿಸಿ, ಮುಂದಿನ ಪುಟಗಳನ್ನು ತಿರುವಿಹಾಕುತ್ತ, “ಇದನ್ನು ನೀವೇ ಓದಿಕೊಳ್ಳಿರಿ” ಎಂದುಬಿಡುತ್ತಿದ್ದೆನು. ಹುಡುಗರು ತಲೆ ತಗ್ಗಿಸಿ ನಗುತ್ತಿದ್ದರು. ನಾನೂ ಪಾಠವು ಮುಗಿಯಿತೆಂದು ನಿಟ್ಟುಸಿರು ಬಿಡುತ್ತಿದ್ದೆನು. ಅದು ಸಭ್ಯತೆಯೆಂದು ಆಗ ಭಾವಿಸಿದ್ದೆನು. ಅದು ಸಭ್ಯತೆಯಲ್ಲ, ಕರ್ತವ್ಯಲೋಪವೆಂಬುದನ್ನು ತಿಳಿಯಲು ನನಗೆ ಮನೆಯಲ್ಲಿಯೇ ಒಂದು ಪಾಠವಾಗಬೇಕಾಯಿತು.

ನಮ್ಮ ಮನೆತನದ ಹಿರಿಯರೊಬ್ಬರು ಅರುವತ್ತೈದು ದಾಟಿದ ಮೇಲೆ ರಾತ್ರಿಯಲ್ಲಿ ನಾಲ್ಕೈದು ಸಲ ಎದ್ದು ಹೊರಗೆ ಹೋಗತೊಡಗಿದರು. ಕಾರಣವನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮದು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಊರು. ಇಂಥ ತೊಂದರೆಯನ್ನು ಮನೆಯಲ್ಲಿ ಹೇಳಲು ನಾಚಿಕೆ ಅಡ್ಡಬಂದರೆ, ವೈದ್ಯರಲ್ಲಿ ಹೇಳಲು ಅವರಿಗೆ ಮಾತೇ ದೊರೆಯಲಿಲ್ಲ. ಹೀಗೆ ಎರಡು ವರ್ಷಗಳು ಕಳೆದವು. ಒಂದು ರಾತ್ರಿ ಮೂತ್ರವು ಸಂಪೂರ್ಣವಾಗಿ ಕಟ್ಟಿ, ಅವರು ಮಂಚದ ಕಾಲನ್ನು ಹಿಡಿದು ನರಳುತ್ತಿದ್ದುದನ್ನು ಕಂಡು ಆಸ್ಪತ್ರೆಗೆ ಸಾಗಿಸಿದೆವು. ವೈದ್ಯರು ಮೊದಲು ರಬ್ಬರಿನ ನಳಿಗೆಯಿಂದ ಮೂತ್ರವನ್ನು ಹೊರಗೆ ತೆಗೆದರು. ಕೆಲವು ದಿನಗಳ ಮೇಲೆ ಹೊಟ್ಟೆಯನ್ನು ಕೊಯ್ಯದೆ ಅಂತರ್ದರ್ಶಕದ ಮೂಲಕವೇ ಶಸ್ತ್ರಚಿಕಿತ್ಸೆಯನ್ನು ಮಾಡಿದರು. ಅಡಚಣೆಯು ನೀಗಿತು. ಆದರೆ ಎರಡು ವರ್ಷಗಳ ಹಿಂದೊತ್ತಡದಿಂದ ಕೆಟ್ಟುಹೋಗಿದ್ದ ಮೂತ್ರಪಿಂಡಗಳು ಮೊದಲಿನಂತಾಗಲಿಲ್ಲ.

ಹೊರಗೆ ಒಂದು ಗೀರೂ ಇಲ್ಲದೆ ದೇಹದ ಒಳಗಣ ಅಡಚಣೆಯನ್ನು ತೆಗೆಯುವ ಈ ವಿದ್ಯೆಯು ಹೇಗೆ ಸಾಧ್ಯವಾಯಿತೆಂದು ಓದುತ್ತ ಹೋದಂತೆ ನನಗೆ ಒಂದು ಸಂಗತಿಯು ಸ್ಪಷ್ಟವಾಯಿತು. ಈ ಭಾಗದ ಶಸ್ತ್ರವಿದ್ಯೆಯು ಬೆಳೆದಿರುವುದು ಹೊಸ ಉಪಕರಣಗಳಿಂದ ಮಾತ್ರವೇ ಅಲ್ಲ. ನಾವು ತಿರುವಿಹಾಕುವ ಆ ಪುಟಗಳನ್ನು ಕೆಲವರು ನಾಚಿಕೆಯಿಲ್ಲದೆ, ತಾಳ್ಮೆಯಿಂದ, ಅಳತೆಗೋಲನ್ನು ಹಿಡಿದು ಓದಿದುದರಿಂದ ಅದು ಬೆಳೆಯಿತು. ಆ ವಿಚಾರವನ್ನೇ ಇಲ್ಲಿ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಸಲು ಉದ್ದೇಶಿಸಿದ್ದೇನೆ.

೧. ಮೊದಲು ನಕ್ಷೆ, ಅನಂತರ ಸುರಂಗ

ನಮ್ಮ ಮಾರ್ಕಯನ್‌ಕೋಟ್ಟೈಯ ಗದ್ದೆಗಳಿಗೆ ನೀರನ್ನೀಯುವ ಮುಲ್ಲೈ ಪೆರಿಯಾರ್ ಕಾಲುವೆಗಳ ಕಥೆಯನ್ನು ಎಲ್ಲರೂ ಬಲ್ಲರು. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರವನ್ನು ಸೇರುತ್ತಿದ್ದ ಪೆರಿಯಾರ್ ನದಿಗೆ ಕರ್ನಲ್ ಪೆನ್ನಿಕ್ವಿಕ್ಕರು ಅಣೆಯನ್ನು ಕಟ್ಟಿಸಿ, ಬೆಟ್ಟದ ಒಡಲಲ್ಲಿ ಸುರಂಗವನ್ನು ಕೊರೆಯಿಸಿ, 1895ರಲ್ಲಿ ಆ ನೀರನ್ನು ನಮ್ಮ ಕಣಿವೆಗೆ ಇಳಿಸಿದರು. ಸುರಂಗವನ್ನು ಕೊರೆಯುವವನಿಗೆ ದೀಪವೂ ಉಳಿಯೂ ಬೇಕು, ನಿಜ. ಆದರೆ ಬೆಟ್ಟದ ಯಾವ ಮಗ್ಗುಲಲ್ಲಿ ಏನಿದೆಯೆಂಬುದನ್ನು ಮೊದಲೇ ಅಳೆದು ನಕ್ಷೆಯಲ್ಲಿ ಬರೆದುಕೊಂಡಿರದಿದ್ದರೆ ದೀಪವನ್ನು ಹಿಡಿದೂ ಅವನು ದಾರಿ ತಪ್ಪುತ್ತಿದ್ದನು. ಅಂತರ್ದರ್ಶಕವನ್ನು ಹಿಡಿದ ಶಸ್ತ್ರವೈದ್ಯನ ಸ್ಥಿತಿಯೂ ಇದೇ. ಅವನಿಗೆ ಕಾಣುವುದು ನಳಿಗೆಯ ತುದಿಯ ಮುಂದಿನ ಚಿಕ್ಕದೊಂದು ಬೆಳಕಿನ ವೃತ್ತ ಮಾತ್ರ. ಆ ಗೋಡೆಯ ಹಿಂದೆ ಏನಿದೆಯೆಂಬುದನ್ನು ಅವನು ಕಣ್ಣಿನಿಂದ ಕಾಣುವುದಿಲ್ಲ, ವಿದ್ಯೆಯಿಂದ ಕಾಣುತ್ತಾನೆ. ಆ ವಿದ್ಯೆಗೆ ಅಂಗರಚನಾಶಾಸ್ತ್ರವೆಂದು ಹೆಸರು; ನಮ್ಮ ಪೂರ್ವಿಕರು ಇದನ್ನೇ ಶಾರೀರವೆಂದು ಕರೆದರು.

ಈಗ ಆ ನಕ್ಷೆಯನ್ನು ಸ್ಥೂಲವಾಗಿ ನೋಡೋಣ. ಕಿಬ್ಬೊಟ್ಟೆಯಲ್ಲಿರುವ ಮೂತ್ರಕೋಶವು ಒಂದು ಕೆರೆಯೆಂದು ಭಾವಿಸಿರಿ. ಅದರಿಂದ ಹೊರಡುವ ಕಾಲುವೆಯೇ ಮೂತ್ರನಾಳ. ಬೆಳೆದ ಗಂಡಸಿನಲ್ಲಿ ಅದರ ಉದ್ದವು ಸುಮಾರು 20 ಸೆಂಟಿಮೀಟರು. ಕೆರೆಯ ತೂಬನ್ನು ದಾಟಿದೊಡನೆ ಮೊದಲ ಮೂರು ಸೆಂಟಿಮೀಟರುಗಳಷ್ಟು ದೂರ ಈ ಕಾಲುವೆಯು ಒಂದು ಗ್ರಂಥಿಯ ನಡುವೆ ಹಾದುಹೋಗುತ್ತದೆ. ಇದೇ ಪ್ರಾಸ್ಟೇಟ್ ಗ್ರಂಥಿ. ಯೌವನದಲ್ಲಿ ದೊಡ್ಡ ನೆಲ್ಲಿಕಾಯಿಯ ಗಾತ್ರವಿದ್ದು ಸುಮಾರು 20 ಗ್ರಾಂ ತೂಗುತ್ತದೆ.

ಇದೇ ಸ್ಥಳದಲ್ಲಿ ಎರಡನೆಯ ಕಾಲುವೆಯೊಂದು ಬಂದು ಸೇರುತ್ತದೆ. ವೃಷಣಗಳಲ್ಲಿ ಹುಟ್ಟಿದ ಬೀಜಾಣುಗಳು ಅಧಿವೃಷಣವೆಂಬ ಸುರುಳಿಯಲ್ಲಿ ಪಕ್ವವಾಗುತ್ತವೆ. ಆ ಸುರುಳಿಯನ್ನು ಬಿಚ್ಚಿ ಎಳೆದರೆ ಸುಮಾರು 6 ಮೀಟರು ಉದ್ದವಿರುತ್ತದೆಯೆಂದರೆ ಅಚ್ಚರಿಯಲ್ಲವೆ? ಅಲ್ಲಿಂದ ವೀರ್ಯವಾಹಿನಿಯು ಮೇಲಕ್ಕೇರಿ, ಹೊಟ್ಟೆಯೊಳಗೆ ಬಳಸಿ, ಮೂತ್ರಕೋಶದ ಹಿಂದಕ್ಕೆ ಬರುತ್ತದೆ. ಅಲ್ಲಿ ಎಡಕ್ಕೊಂದು ಬಲಕ್ಕೊಂದು ವೀರ್ಯಕೋಶಗಳಿವೆ. ವೀರ್ಯದ್ರವದ ಹೆಚ್ಚಿನ ಪಾಲು ಇವುಗಳಿಂದಲೇ ಬರುತ್ತದೆ. ವೀರ್ಯವಾಹಿನಿಯೂ ವೀರ್ಯಕೋಶದ ನಾಳವೂ ಕೂಡಿ ಸ್ಖಲನನಾಳವಾಗುತ್ತದೆ. ಎರಡು ಕಡೆಯ ಸ್ಖಲನನಾಳಗಳೂ ಪ್ರಾಸ್ಟೇಟಿನ ಒಳಗೆ ಸುಮಾರು ಎರಡು ಸೆಂಟಿಮೀಟರು ಸಾಗಿ ಮೂತ್ರನಾಳದ ಗೋಡೆಯಲ್ಲಿ ತೆರೆಯುತ್ತವೆ. ಅವು ತೆರೆಯುವೆಡೆಯಲ್ಲಿ ಒಂದು ಪುಟ್ಟ ದಿಬ್ಬವಿದೆ. ಪಾಶ್ಚಾತ್ಯ ವೈದ್ಯರು ಇದಕ್ಕೆ ವೆರುಮೊಂಟಾನಮ್ ಎಂಬ ಲ್ಯಾಟಿನ್ ಹೆಸರನ್ನಿಟ್ಟಿದ್ದಾರೆ. ನಾವು ದಿಬ್ಬವೆಂದೇ ಕರೆಯೋಣ. ಈ ದಿಬ್ಬವನ್ನು ನೆನಪಿನಲ್ಲಿಟ್ಟುಕೊಳ್ಳಿರಿ; ಮುಂದಿನ ಕಥೆಯೆಲ್ಲವೂ ಇದರ ಸುತ್ತಲೇ ನಡೆಯುತ್ತದೆ.

೨. ಹಿಂದಿನವರ ಶ್ರಮ

ಶಸ್ತ್ರವನ್ನು ಹಿಡಿಯುವವನು ಮೊದಲು ಶವವನ್ನು ನೋಡಿ ಕಲಿಯಬೇಕೆಂಬ ಮಾತು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಅದರ ವಿಧಾನವನ್ನೇ ವಿವರಿಸಿದೆ. ಅಂಗಗಳು ಪೂರ್ಣವಾಗಿರುವ ಶವವನ್ನು ಹುಲ್ಲು ನಾರುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಅನಂತರ ಲಾವಂಚ, ಬಿದಿರು ಮೊದಲಾದವುಗಳ ಕುಂಚದಿಂದ ಪದರಪದರವಾಗಿ ಉಜ್ಜುತ್ತ ಒಳಗಿನ ಅಂಗಗಳನ್ನು ಕಣ್ಣಾರೆ ಕಾಣಬೇಕೆಂದು ಅಲ್ಲಿ ಹೇಳಿದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಮೂತ್ರಕೋಶದ ಕಲ್ಲನ್ನು ತೆಗೆಯುವ ಶಸ್ತ್ರಕ್ರಿಯೆಯ ವರ್ಣನೆಯಿದೆ. ಅಲ್ಲಿ ಕೆಲವು ಸ್ಥಾನಗಳನ್ನು ಎಣಿಸಿ, ಇವುಗಳಿಗೆ ಶಸ್ತ್ರವು ತಗಲದಂತೆ ನೋಡಿಕೊಳ್ಳಬೇಕೆಂದು ಎಚ್ಚರಿಸಿದೆ. ಅವುಗಳಲ್ಲಿ ಮೂತ್ರವನ್ನು ವಹಿಸುವ ಮಾರ್ಗವೂ ಶುಕ್ರವನ್ನು ವಹಿಸುವ ಮಾರ್ಗವೂ ಸೇರಿವೆ. ಎಲ್ಲಿ ಕೊಯ್ಯಬೇಕೆಂಬುದರ ಜೊತೆಗೆ ಎಲ್ಲಿ ಕೊಯ್ಯಬಾರದೆಂಬುದನ್ನೂ ಬಲ್ಲವನೇ ಶಸ್ತ್ರವೈದ್ಯನೆಂಬ ತತ್ತ್ವವು ಇಷ್ಟು ಹಿಂದೆಯೇ ನಮ್ಮಲ್ಲಿತ್ತು.

ಕಾಲಾಂತರದಲ್ಲಿ ಶವವನ್ನು ಮುಟ್ಟುವುದು ಮೈಲಿಗೆಯೆಂಬ ಭಾವನೆಯು ಬಲವಾಗಿ ಈ ಅಭ್ಯಾಸವು ನಮ್ಮಲ್ಲಿ ನಿಂತುಹೋಯಿತು. ಯೂರೋಪಿನಲ್ಲಿ ವೆಸೇಲಿಯಸನು 1543ರಲ್ಲಿ ಪ್ರಕಟಿಸಿದ ಮಹಾಗ್ರಂಥದಿಂದ ಹೊಸ ಯುಗವು ಆರಂಭವಾಯಿತು. ನಮ್ಮ ದೇಶದಲ್ಲಿ 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪಂಡಿತ ಮಧುಸೂದನ ಗುಪ್ತರು ಸಂಪ್ರದಾಯವನ್ನು ಎದುರಿಸಿ ಶವಚ್ಛೇದನ ಮಾಡಿದರು. ಆಯುರ್ವೇದವನ್ನು ಓದಿದ್ದ ಪಂಡಿತರೇ ಮುಂದೆ ಬಂದುದು ಗಮನಾರ್ಹವಾದುದು. ಅವರು ಮಾಡಿದುದು ಹೊಸ ಕಾರ್ಯವಲ್ಲ, ಸುಶ್ರುತನ ಮಾತನ್ನು ಮರಳಿ ನಡೆಸಿದುದು.

೩. ಕತ್ತಲೆಗೆ ಬೆಳಕು

ಇನ್ನು ಬೆಳಕಿನ ಕಥೆ. ಫ್ರಾಂಕ್‌ಫರ್ಟಿನ ವೈದ್ಯ ಫಿಲಿಪ್ ಬೊತ್ಸೀನಿಯು 1806ರಲ್ಲಿ ಮೇಣದ ಬತ್ತಿ, ಕನ್ನಡಿ, ನಳಿಗೆ ಇವುಗಳನ್ನು ಕೂಡಿಸಿ ದೇಹದ ರಂಧ್ರಗಳ ಒಳಗನ್ನು ನೋಡುವ ಸಾಧನವೊಂದನ್ನು ರಚಿಸಿದನು. ಅಂದಿನ ಪಂಡಿತರು ಅದನ್ನು ಆದರಿಸಲಿಲ್ಲ. ಅವನೂ 1809ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಜ್ವರದಿಂದ ತೀರಿಕೊಂಡನು. ಮ್ಯಾಕ್ಸ್ ನಿಟ್ಸೆ ಎಂಬ ಜರ್ಮನ್ ವೈದ್ಯನು 1877ರಲ್ಲಿ ಡ್ರೆಸ್ಡನ್ ನಗರದಲ್ಲಿ ಮೂತ್ರಕೋಶದರ್ಶಕವನ್ನು ತೋರಿಸಿದನು. ಅದರ ತುದಿಯಲ್ಲಿ ಕಾದು ಬೆಳಗುವ ಪ್ಲಾಟಿನಮ್ ತಂತಿಯಿತ್ತು. ಅದು ಸುಡದಂತೆ ಸುತ್ತಲೂ ನೀರನ್ನು ಹರಿಸಬೇಕಾಗಿತ್ತು. ಮುಂದೆ ಪುಟ್ಟ ವಿದ್ಯುದ್ದೀಪವು ಬಂದು ಆ ತೊಡಕು ನೀಗಿತು. ಮ್ಯಾಕ್ಸಿಮಿಲಿಯನ್ ಸ್ಟರ್ನ್ 1926ರಲ್ಲಿ, ಜೋಸೆಫ್ ಮೆಕಾರ್ಥಿ 1932ರಲ್ಲಿ, ದರ್ಶಕದೊಳಗೆ ವಿದ್ಯುತ್ತಿನಿಂದ ಕೊಯ್ಯುವ ತಂತಿಯ ಕುಣಿಕೆಯನ್ನು ಅಳವಡಿಸಿದರು. ಇದರಿಂದ ಉಬ್ಬಿದ ಪ್ರಾಸ್ಟೇಟನ್ನು ಒಳಗಿನಿಂದಲೇ ಚೂರುಚೂರಾಗಿ ಹೆರೆದು ತೆಗೆಯುವುದು ಸಾಧ್ಯವಾಯಿತು. ಇಂಗ್ಲೆಂಡಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸರು 1959ರಲ್ಲಿ ಗಾಜಿನ ಕಡ್ಡಿಗಳ ಹೊಸ ಮಸೂರ ವ್ಯವಸ್ಥೆಯನ್ನು ರೂಪಿಸಿದ ಮೇಲೆ ದೃಶ್ಯವು ಹಿಂದೆಂದೂ ಇಲ್ಲದಷ್ಟು ನಿರ್ಮಲವಾಯಿತು.

ಬೆಳಕು ಬಂದಿತು, ಕತ್ತಿಯೂ ಬಂದಿತು. ಆದರೆ ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಗೆ ಬೆಳಕು ಉತ್ತರ ಹೇಳುವುದಿಲ್ಲ.

೪. ದಿಬ್ಬವೇ ಗಡಿಕಲ್ಲು

ಆ ಪುಟ್ಟ ದಿಬ್ಬವನ್ನು ಈಗ ನೆನೆಯಿರಿ. ಮೂತ್ರವನ್ನು ಇಚ್ಛಾನುಸಾರವಾಗಿ ತಡೆಹಿಡಿಯುವ ಬಿಗಿಸ್ನಾಯುವು ಉಂಗುರದಂತೆ ಮೂತ್ರನಾಳವನ್ನು ಸುತ್ತಿಕೊಂಡಿದೆ. ಅದು ದಿಬ್ಬದಿಂದ ತುಸುವೇ ಕೆಳಗೆ ಇದೆಯೆಂಬುದನ್ನು ಶವಚ್ಛೇದನದಿಂದ ಅರಿತರು. ದರ್ಶಕದಲ್ಲಿ ದಿಬ್ಬವು ಚೆನ್ನಾಗಿ ಕಾಣುತ್ತದೆ. ಸ್ನಾಯುವಾದರೋ ಪೊರೆಯ ಹಿಂದೆ ಅಡಗಿರುತ್ತದೆ. ಆದುದರಿಂದ ಶಸ್ತ್ರವೈದ್ಯನು ದಿಬ್ಬವನ್ನೇ ಗಡಿಕಲ್ಲಾಗಿಟ್ಟುಕೊಂಡು ಅದರ ಮೇಲ್ಭಾಗದಲ್ಲಿ ಮಾತ್ರ ಕೊಯ್ಯುತ್ತಾನೆ. ಗಡಿಯನ್ನು ದಾಟಿ ಸ್ನಾಯುವಿಗೆ ಪೆಟ್ಟಾದರೆ ರೋಗಿಯ ಅಡಚಣೆಯೇನೋ ಹೋದೀತು, ಆದರೆ ಮೂತ್ರವು ತಡೆಯಿಲ್ಲದೆ ಸೋರುವ ಇನ್ನೊಂದು ದುಃಖವು ಬರುತ್ತದೆ. ಕಾಲುವೆಯ ಹೂಳನ್ನು ತೆಗೆಯಹೋಗಿ ಮಡೆಯ ಬಾಗಿಲನ್ನೇ ಮುರಿದಂತೆ. ನಮ್ಮ ಹಿರಿಯರು ಶಸ್ತ್ರಚಿಕಿತ್ಸೆಯ ತರುವಾಯ ಒಣಬಟ್ಟೆಯಲ್ಲಿ ಓಡಾಡಿದುದು ಆ ದಿಬ್ಬದ ಕೃಪೆಯಿಂದ. ಎಂದೋ ಯಾವನೋ ವಿದ್ಯಾರ್ಥಿಯು ಶವಾಗಾರದಲ್ಲಿ ನಿಂತು ಆ ದೂರವನ್ನು ಅಳೆದುದರ ಫಲದಿಂದ.

ನಕ್ಷೆಯೂ ತಿದ್ದುಪಡಿಗೆ ಹೊರತಲ್ಲ. 1912ರಲ್ಲಿ ಲೌಸ್ಲಿ ಎಂಬ ಅಮೆರಿಕದ ವೈದ್ಯನು ಪ್ರಾಸ್ಟೇಟಿನಲ್ಲಿ ಐದು ಹಾಲೆಗಳಿವೆಯೆಂದು ಬರೆದನು; ಬಹುಕಾಲ ಎಲ್ಲರೂ ಅದನ್ನೇ ಓದಿದರು. ಜಾನ್ ಮೆಕ್‌ನೀಲ್ ಎಂಬ ರೋಗವಿಜ್ಞಾನಿಯು 1960ರ ದಶಕದಿಂದ ಮೊದಲುಗೊಂಡು ಶವಪರೀಕ್ಷೆಯಲ್ಲಿ ದೊರೆತ ಗ್ರಂಥಿಗಳನ್ನು ಮೂತ್ರನಾಳದ ದಿಕ್ಕನ್ನು ಅನುಸರಿಸಿ ಹೊಸ ಕೋನಗಳಲ್ಲಿ ಸೀಳಿ ನೋಡಿದನು. ದಿಬ್ಬದ ಬಳಿಯಲ್ಲಿ ಮೂತ್ರನಾಳವು ನೇರವಾಗಿರದೆ ಸುಮಾರು 35 ಡಿಗ್ರಿಗಳಷ್ಟು ಬಾಗುತ್ತದೆಯೆಂದೂ, ಗ್ರಂಥಿಯಲ್ಲಿರುವುದು ಹಾಲೆಗಳಲ್ಲ, ವಲಯಗಳೆಂದೂ ತೋರಿಸಿದನು. ಆರೋಗ್ಯವಂತ ಯುವಕನ ಗ್ರಂಥಿಯ ಊತಕದಲ್ಲಿ ಹೊರವಲಯವು ಸುಮಾರು ಶೇಕಡ 70, ಮಧ್ಯವಲಯವು ಶೇಕಡ 25, ಮೂತ್ರನಾಳವನ್ನು ಒತ್ತಿಕೊಂಡಿರುವ ಸಂಕ್ರಮಣವಲಯವು ಶೇಕಡ 5 ಮಾತ್ರ. ವಯಸ್ಸಾದ ಗಂಡಸರನ್ನು ರಾತ್ರಿಯೆಲ್ಲ ಎಬ್ಬಿಸುವ ಊತವು ಹುಟ್ಟುವುದು ಈ ಶೇಕಡ 5ರ ಪುಟ್ಟ ವಲಯದಲ್ಲಿ. ಕ್ಯಾನ್ಸರ್ ರೋಗವು ಹೆಚ್ಚಾಗಿ ಹುಟ್ಟುವುದು ಹೊರವಲಯದಲ್ಲಿ. ಒಂದೇ ಗ್ರಂಥಿಯಲ್ಲಿ ಎರಡು ರೋಗಗಳಿಗೆ ಎರಡು ಮನೆಗಳು ಇವೆಯೆಂದು ತಿಳಿದ ಮೇಲೆ, ಯಾವುದಕ್ಕೆ ಎಲ್ಲಿ ಶೋಧಿಸಬೇಕೆಂಬುದು ವೈದ್ಯರಿಗೆ ಸ್ಪಷ್ಟವಾಯಿತು.

ಇದರಿಂದ ಇನ್ನೊಂದು ಉಪಕಾರವೂ ಆಯಿತು. ಒಳಗಿನಿಂದ ಉಬ್ಬಿದ ಭಾಗವು ಹೊರವಲಯವನ್ನು ಸುತ್ತಲೂ ಒತ್ತಿ ಸಿಪ್ಪೆಯಂತೆ ಮಾಡಿರುತ್ತದೆ. ಕಿತ್ತಳೆಯ ತೊಳೆಗೂ ಸಿಪ್ಪೆಗೂ ನಡುವೆ ಬೆರಳನ್ನು ಆಡಿಸಬಹುದಾದ ತೆರಪು ಇರುವಂತೆ ಇಲ್ಲಿಯೂ ಒಂದು ತೆರಪಿನ ಪದರವಿದೆ. 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಗಿಲ್ಲಿಂಗರು ಹೋಲ್ಮಿಯಂ ಲೇಸರ್ ಕಿರಣದಿಂದ ಈ ಪದರವನ್ನೇ ಅನುಸರಿಸಿ ಹೋಗಿ, ಉಬ್ಬಿದ ಭಾಗವನ್ನು ಇಡಿಯಾಗಿ ಬಿಡಿಸುವ ವಿಧಾನವನ್ನು ಬೆಳೆಸಿದರು. ಚೂರುಚೂರಾಗಿ ಹೆರೆಯುವಾಗ ಆಗುವ ರಕ್ತಸ್ರಾವವು ಇದರಲ್ಲಿ ಕಡಿಮೆ. ಕಿರಣವು ಹೊಸದು, ದಾರಿಯು ದೇಹದಲ್ಲಿ ಮೊದಲಿನಿಂದಲೂ ಇದ್ದುದೇ.

೫. ಕಾಣದ ನರಗಳು

ಪ್ರಾಸ್ಟೇಟಿಗೆ ಕ್ಯಾನ್ಸರ್ ತಗಲಿದರೆ ಕೆಲವು ಸಂದರ್ಭಗಳಲ್ಲಿ ಗ್ರಂಥಿಯನ್ನೇ ಪೂರ್ಣವಾಗಿ ತೆಗೆಯಬೇಕಾಗುತ್ತದೆ. ಹಿಂದೆ ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಬಹುಮಂದಿ ದಾಂಪತ್ಯಶಕ್ತಿಯನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತಿದ್ದರು. ಆ ಶಕ್ತಿಯ ನರಗಳು ಗ್ರಂಥಿಯ ಒಳಗೇ ಹಾದುಹೋಗುತ್ತವೆ, ಆದುದರಿಂದ ಇದು ಅನಿವಾರ್ಯವೆಂದು ವೈದ್ಯರು ನಂಬಿದ್ದರು. ಅಮೆರಿಕದ ಬಾಲ್ಟಿಮೋರಿನ ಡಾ. ಪ್ಯಾಟ್ರಿಕ್ ವಾಲ್ಷರು 1981ರಲ್ಲಿ ಹಾಲೆಂಡಿನ ಲೈಡನ್ ನಗರಕ್ಕೆ ಹೋಗಿದ್ದಾಗ ಪೀಟರ್ ಡಾಂಕರ್ ಎಂಬ ನಿವೃತ್ತ ಪ್ರಾಧ್ಯಾಪಕರನ್ನು ಕಂಡರು. ಡಾಂಕರರು ವಿಶ್ರಾಂತಿಯ ದಿನಗಳಲ್ಲಿ ಕೈಗೆತ್ತಿಕೊಂಡಿದ್ದ ಕೆಲಸವು ಶವಚ್ಛೇದನ. ಬೆಳೆದವರ ಶವದಲ್ಲಿ ಈ ಸೂಕ್ಷ್ಮ ನರಗಳು ಕೊಬ್ಬು ನಾರುಗಳಲ್ಲಿ ಮರೆಯಾಗಿರುತ್ತವೆ. ಸತ್ತು ಹುಟ್ಟಿದ ಶಿಶುವಿನ ದೇಹದಲ್ಲಾದರೆ ಅವು ಸ್ಪಷ್ಟವಾಗಿ ಕಾಣುತ್ತವೆ. ಇಬ್ಬರೂ ಕೂಡಿ ಬಿಡಿಸಿ ನೋಡಿದಾಗ, ನರಗಳು ಗ್ರಂಥಿಯ ಒಳಗಲ್ಲ, ಹೊರಗೆ, ಅದರ ಹಿಂಬದಿಯ ಎರಡು ಮಗ್ಗುಲುಗಳಲ್ಲಿ ಹೋಗುತ್ತವೆಯೆಂದು ಕಂಡುಬಂದಿತು. ವಾಲ್ಷರು 1982ರಲ್ಲಿ ಆ ನರಗಳನ್ನು ಉಳಿಸಿ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮಾಡಿದರು.

1990ರ ದಶಕದಲ್ಲಿ ಹೊಟ್ಟೆಯ ಪುಟ್ಟ ರಂಧ್ರಗಳ ಮೂಲಕ ಉದರದರ್ಶಕದಿಂದಲೂ, ಅನಂತರ ಯಂತ್ರಹಸ್ತದ ಸಹಾಯದಿಂದಲೂ ಇದೇ ಶಸ್ತ್ರಕ್ರಿಯೆಯು ರೂಢಿಗೆ ಬಂದಿತು. ದರ್ಶಕವು ನರಗಳನ್ನು ಹಲವು ಮಡಿ ದೊಡ್ಡದಾಗಿ ತೋರಿಸುತ್ತದೆ. ಆದರೆ ಅಲ್ಲಿ ನರಗಳಿವೆಯೆಂದು ಮೊದಲೇ ತಿಳಿಯದವನಿಗೆ ಎಷ್ಟು ದೊಡ್ಡದಾಗಿ ತೋರಿಸಿದರೂ ಅವು ಬರಿಯ ನಾರುಗಳೇ. ಲೋಕದ ಮುಖವನ್ನೇ ಕಾಣದೆ ಹೋದ ಹಸುಳೆಯೊಂದು ಅಸಂಖ್ಯಾತ ಹಿರಿಯರಿಗೆ ಗುರುವಾಯಿತೆಂಬುದನ್ನು ನೆನೆದಾಗ ಮನಸ್ಸು ಮೂಕವಾಗುತ್ತದೆ.

೬. ಮಿಲಿಮೀಟರಿನೊಳಗಿನ ದ್ವಾರ

ಇನ್ನೊಂದು ಉದಾಹರಣೆ. ದಿಬ್ಬದ ಮೇಲೆ ಸ್ಖಲನನಾಳಗಳು ತೆರೆಯುತ್ತವೆಯೆಂದೆನಷ್ಟೆ. ಆ ದ್ವಾರಗಳ ಅಗಲವು ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅವುಗಳ ನಡುವೆ, ಎಲ್ಲಿಗೂ ದಾರಿಯಿಲ್ಲದ ಕುರುಡು ಚೀಲವೊಂದರ ಬಾಯಿಯೂ ಇದೆ. ವೀರ್ಯದಲ್ಲಿ ರಕ್ತವು ಪದೇ ಪದೇ ಕಾಣಿಸುವವರಲ್ಲಿ, ವೀರ್ಯಕೋಶದಲ್ಲಿ ಹರಳು ಕಟ್ಟಿದವರಲ್ಲಿ, ನಾಳವು ಮುಚ್ಚಿ ಸಂತಾನವಾಗದವರಲ್ಲಿ ಈ ಮಾರ್ಗವನ್ನು ಒಳಹೊಕ್ಕು ನೋಡುವುದು ಅಗತ್ಯವಾಗಬಹುದು. ಹಿಂದೆ ಇದು ಅಸಾಧ್ಯವೆಂದೇ ತೋರುತ್ತಿತ್ತು. 2002ರಲ್ಲಿ ಕೊರಿಯಾ ದೇಶದ ವೈದ್ಯರು ಆ ಕುರುಡು ಚೀಲದ ಮೂಲಕವೇ ಅತಿ ತೆಳುವಾದ ದರ್ಶಕವನ್ನು ಸಾಗಿಸಿ ವೀರ್ಯಕೋಶವನ್ನು ತಲುಪಿದ ವಿಧಾನವನ್ನು ಪ್ರಕಟಿಸಿದರು. ಸ್ಖಲನನಾಳಗಳು ಈ ಚೀಲದ ಎರಡು ಪಕ್ಕಗಳಿಗೂ ಅಂಟಿಕೊಂಡಂತೆ ಹೋಗುತ್ತವೆ, ನಡುವಿನ ಗೋಡೆಯು ತೆಳುವಾಗಿರುತ್ತದೆ ಎಂಬ ಶಾರೀರಜ್ಞಾನವೇ ಇದಕ್ಕೆ ಕೀಲಿಕೈ. ಹಿಂದೆಯೇ ಗುದನಾಳವಿರುವುದರಿಂದ ದಿಕ್ಕು ಸ್ವಲ್ಪ ತಪ್ಪಿದರೂ ಅಪಾಯ. ಆದುದರಿಂದಲೇ ದ್ವಾರಗಳ ಸ್ಥಾನ, ನಾಳಗಳ ಅಗಲ, ಅವು ಬಾಗುವ ಕೋನ ಇವುಗಳನ್ನು ಶವಗಳಲ್ಲಿ ಅಳೆದು ನೋಡುವವರ ಶ್ರಮವು ಇಂದಿಗೂ ಬೆಲೆಯುಳ್ಳದ್ದು.

ಇಲ್ಲಿ ತಂದೆತಾಯಿಗಳಲ್ಲಿ ಒಂದು ಮಾತನ್ನು ಬಿನ್ನವಿಸಬೇಕು. ಮದುವೆಯಾಗಿ ಮೂರು ವರ್ಷಗಳಲ್ಲಿ ಮಗುವಾಗದಿದ್ದರೆ ನಮ್ಮ ಊರುಗಳಲ್ಲಿ ಸೊಸೆಯನ್ನು ಮಾತ್ರ ದೇವಸ್ಥಾನಕ್ಕೂ ಆಸ್ಪತ್ರೆಗೂ ಅಲೆದಾಡಿಸುತ್ತಾರೆ. ಬಂಜೆಯೆಂಬ ಮಾತನ್ನು ಅವಳೊಬ್ಬಳೇ ಕೇಳಬೇಕಾಗುತ್ತದೆ. ಆದರೆ ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲಿನ ಕಾರಣವೂ ಇರುತ್ತದೆಯೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಮಿಲಿಮೀಟರಿನೊಳಗಿನ ಒಂದು ದ್ವಾರವು ಮುಚ್ಚಿದ್ದಕ್ಕೆ ನಿರಪರಾಧಿಯಾದ ಹೆಣ್ಣೊಬ್ಬಳು ಜೀವಮಾನವೆಲ್ಲ ನಿಂದೆಯನ್ನು ಹೊರುವುದು ನ್ಯಾಯವೆ? ಹತ್ತನೆಯ ತರಗತಿಯ ಆ ಅಧ್ಯಾಯವನ್ನು ಸರಿಯಾಗಿ ಕಲಿತ ಹುಡುಗನು ನಾಳೆ ಗಂಡನಾದಾಗ, ತಾನೇ ಮೊದಲು ಪರೀಕ್ಷೆಗೆ ಹೋದಾನು. ಪಾಠವನ್ನು ಬಿಟ್ಟುಬಿಟ್ಟ ಉಪಾಧ್ಯಾಯನಿಗೂ ಆ ನಿಂದೆಯಲ್ಲಿ ಒಂದು ಪಾಲು ಇದೆ.

೭. ಮೌನ ಗುರುಗಳು

ಈ ನಕ್ಷೆಯನ್ನು ಬರೆಯಲು ಕಾಗದವಾದವರು ಯಾರು? ಸತ್ತ ಮೇಲೆ ತಮ್ಮ ದೇಹವನ್ನು ವಿದ್ಯೆಗೆ ಬಿಟ್ಟುಕೊಟ್ಟವರು. ಮದರಾಸಿನಲ್ಲಿ 1951ರಲ್ಲಿಯೂ ಅಂದಿನ ಮೈಸೂರು ರಾಜ್ಯದಲ್ಲಿ 1957ರಲ್ಲಿಯೂ ಅಂಗರಚನೆಯ ಅಭ್ಯಾಸಕ್ಕೆ ಶವಗಳನ್ನು ಒದಗಿಸುವ ಶಾಸನಗಳಾದವು. ಆದರೆ ಶಾಸನಕ್ಕಿಂತ ದೊಡ್ಡದು ದಾನ.

ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಡಾ. ಬಸವಣ್ಣೆಪ್ಪ ರಾಮಣ್ಣವರ ಎಂಬ ಆಯುರ್ವೇದ ವೈದ್ಯರಿದ್ದರು. ತಮ್ಮ ದೇಹವು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಸಲ್ಲಬೇಕೆಂಬುದು ಅವರ ಇಚ್ಛೆಯಾಗಿತ್ತು. 2008ರಲ್ಲಿ ಅವರು ತೀರಿಕೊಂಡಾಗ ಕುಟುಂಬದವರು ಆ ಇಚ್ಛೆಯನ್ನು ನಡೆಸಿದರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಬಿ. ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶಾರೀರಶಾಸ್ತ್ರದ ಅಧ್ಯಾಪಕರು. 2010ರ ನವೆಂಬರಿನಲ್ಲಿ ಆ ಮಗನೇ ವಿದ್ಯಾರ್ಥಿಗಳ ಎದುರಿನಲ್ಲಿ ತನ್ನ ತಂದೆಯ ದೇಹವನ್ನು ಛೇದಿಸಿ ಪಾಠ ಹೇಳಿದರು. ಪಿತೃಋಣವನ್ನೂ ಗುರುಋಣವನ್ನೂ ಒಂದೇ ಕಾರ್ಯದಿಂದ ತೀರಿಸಿದ ಈ ಕನ್ನಡಿಗರ ಧೈರ್ಯವನ್ನು ಏನೆಂದು ಹೊಗಳುವುದು! ಸುಶ್ರುತನ ಆದೇಶವನ್ನು ಮಧುಸೂದನ ಗುಪ್ತರಂತೆಯೇ ಇವರೂ ನಡೆಸಿದರು.

ನಮ್ಮ ಜಿಲ್ಲೆಯಲ್ಲಿಯೂ ಕೆ. ವಿಲಕ್ಕುವಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿದೆ. ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ಹುಡುಗರೂ ಹುಡುಗಿಯರೂ ಮೊದಲು ನಿಲ್ಲುವುದು ಇಂಥ ಮೌನ ಗುರುಗಳ ಮುಂದೆಯೇ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಅಂಗರಚನಾ ವಸ್ತುಸಂಗ್ರಹಾಲಯದಲ್ಲಿ ಸಾವಿರಾರು ಮಾದರಿಗಳನ್ನು ಸಾರ್ವಜನಿಕರೂ ನೋಡಬಹುದು. ಮಂಗಳೂರು ಉಡುಪಿಗಳ ಕಡೆಗೆ ಯಾತ್ರೆ ಹೋಗುವವರು ದೇವರ ದರ್ಶನದೊಡನೆ, ದೇವರು ರಚಿಸಿದ ಈ ದೇಹದ ದರ್ಶನವನ್ನೂ ಮಾಡಿಕೊಂಡು ಬಂದರೆ ಮಕ್ಕಳಿಗೆ ಉಪಕಾರವಾದೀತು.

೮. ಕೊನೆಯ ಮಾತು

ಅರುವತ್ತು ವರ್ಷ ತುಂಬಿದ ಗಂಡಸರಲ್ಲಿ ಸುಮಾರು ಅರ್ಧ ಮಂದಿಗೆ ಪ್ರಾಸ್ಟೇಟ್ ಗ್ರಂಥಿಯು ಸ್ವಲ್ಪವಾದರೂ ಹಿಗ್ಗಿರುತ್ತದೆ. ಇದು ಪಾಪದ ಫಲವಲ್ಲ, ನಾಚಿಕೆಯ ರೋಗವೂ ಅಲ್ಲ. ತಲೆಗೂದಲು ನರೆಯುವಂತೆ ಇದೂ ಒಂದು ವಯೋಧರ್ಮ. ರಾತ್ರಿ ಪದೇ ಪದೇ ಏಳಬೇಕಾಗುವುದು, ಮೂತ್ರದ ಧಾರೆಯು ಕ್ಷೀಣವಾಗುವುದು, ತಡವಾಗಿ ಬರುವುದು, ಪೂರ್ಣವಾಗಿ ಹೋಗಲಿಲ್ಲವೆಂಬ ಭಾವನೆ ಇವು ಕಂಡುಬಂದರೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಹಲವರಿಗೆ ಔಷಧಿಯೇ ಸಾಕಾಗುತ್ತದೆ. ಮೂತ್ರದಲ್ಲಿ ರಕ್ತ ಕಂಡರಂತೂ ಒಂದು ದಿನವೂ ತಡಮಾಡಬಾರದು. ವಿದ್ಯಾರ್ಥಿಗಳೇ, ನಿಮ್ಮ ತಾತಂದಿರು ರಾತ್ರಿ ಎಷ್ಟು ಸಲ ಏಳುತ್ತಾರೆಂದು ಇಂದೇ ಕೇಳಿರಿ. ಅವರಿಗೆ ಮಾತು ದೊರೆಯದಿದ್ದರೆ ಮಾತನ್ನು ನೀವು ಕೊಡಿರಿ: ಮೂತ್ರಕೋಶ, ಮೂತ್ರನಾಳ, ಪ್ರಾಸ್ಟೇಟ್. ಇವು ಅಶ್ಲೀಲ ಪದಗಳಲ್ಲ, ಹೃದಯ ಶ್ವಾಸಕೋಶಗಳಂತೆ ಶುದ್ಧವಾದ ಪಾಠದ ಪದಗಳು.

ನಾನು ಈಗ ಆ ಅಧ್ಯಾಯವನ್ನು ತಿರುವಿಹಾಕುವುದಿಲ್ಲ. ಕಪ್ಪುಹಲಗೆಯ ಮೇಲೆ ಚಿತ್ರವನ್ನು ಬರೆದು, ಒಂದೊಂದು ಭಾಗಕ್ಕೂ ಹೆಸರನ್ನು ಬರೆಸಿ, ಎಲ್ಲರಿಂದಲೂ ಗಟ್ಟಿಯಾಗಿ ಓದಿಸುತ್ತೇನೆ. ಮೊದಲ ದಿನ ಹುಡುಗರು ನಗುತ್ತಾರೆ, ಎರಡನೆಯ ದಿನ ಪ್ರಶ್ನೆಗಳನ್ನು ಕೇಳುತ್ತಾರೆ. ನಮ್ಮ ಮನೆಯ ಹಿರಿಯರಿಗೆ ಎರಡು ವರ್ಷ ಮೊದಲೇ ಯಾರಾದರೂ ಅಂಥ ಒಂದು ಪ್ರಶ್ನೆಯನ್ನು ಕೇಳಿದ್ದರೆ ಅವರ ಮೂತ್ರಪಿಂಡಗಳು ಉಳಿಯುತ್ತಿದ್ದವು. ಆದುದರಿಂದ ಪಾಠವನ್ನು ಓದಿರಿ, ಚಿತ್ರವನ್ನು ಬರೆಯಿರಿ, ಮನೆಯಲ್ಲಿ ಮಾತನಾಡಿರಿ.